ಹಳ್ಳದ ಆಚೆಯ ಅಗಸಿ

ಕನ್ನಡಕ ಹುಡುಕುತ್ತಿದ್ದೆ. ಕನ್ನಡಕ ಹುಡುಕಲಿಕ್ಕೂ ಕನ್ನಡಕ ಬೇಕಾಗುವ ವಯಸ್ಸು ನನ್ನದು. ಹೀಗಾಗಿ ಡ್ರಾವರಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತ ಹೋದೆ. ಲೈಟ್ ಬಿಲ್ಲು, ಮಗಳ ಶಾಲೆಯ ಹಳೇ ಐಡಿ ಕಾರ್ಡು, ಯಾರದೋ ಮದುವೆಯ ಪತ್ರಿಕೆ. ಅದರ ಕೆಳಗೆ ನಾಲ್ಕು ಮಡಿಕೆಯ ಒಂದು ಹಸಿರು ಕಾಗದ. ಅದನ್ನು ಮಾತ್ರ ಕನ್ನಡಕ ಇಲ್ಲದೆಯೂ ಓದಬಲ್ಲೆ, ಅಷ್ಟು ಸಲ ಓದಿದ್ದೇನೆ.

ಮರಾಠಿಯಲ್ಲಿ ಅಚ್ಚಾದ ಕರಪತ್ರ ಅದು. ಮೇಲೆ ದಪ್ಪಕ್ಷರದಲ್ಲಿ ‘ಜವಸ’ ಎಂದಿದೆ. ಜವಸ ಅಂದರೆ ಪುಸ್ತಕದ ಕನ್ನಡದಲ್ಲಿ ಅಗಸೆ, ನಮ್ಮ ಬೀದರ ಕಡೆಯ ಬಾಯಲ್ಲಿ ಅಗಸಿ. ತಳಿಗೆ ಹೆಸರಿಲ್ಲ, ಒಂದು ನಂಬರಿದೆ. ಅದರ ಕೆಳಗೆ ಗುಣಗಳು: ಎತ್ತರ ಮಧ್ಯಮ, ಗಿಡ ನೆಟ್ಟಗೆ, ಹೂವು ನೀಲಿ, ಬೀಜ ಕಂದು, ಹೊಳಪುಂಟು. ಕಪ್ಪು ಮಣ್ಣಿಗೆ ಹೊಂದಿಕೊಳ್ಳುತ್ತದೆ, ನೀರು ಕಡಿಮೆ ಸಾಕು, ಸೊರಗು ರೋಗ ತಡೆದುಕೊಳ್ಳುತ್ತದೆ, ತುಕ್ಕು ರೋಗಕ್ಕೆ ಜಗ್ಗುವುದಿಲ್ಲ, ಕಾಯಿ ಒಣಗಿದರೂ ತಾನಾಗಿ ಸಿಡಿಯುವುದಿಲ್ಲ. ನನ್ನ ಮದುವೆಗೆ ಮುಂಚೆ ನಮ್ಮಪ್ಪ ಗಂಡಿನ ಕಡೆಯವರಿಗೆ ಬರೆದ ಕಾಗದದಲ್ಲೂ ಹೆಚ್ಚುಕಡಿಮೆ ಇವೇ ಮಾತುಗಳಿದ್ದವು. ಎತ್ತರ ಮಧ್ಯಮ, ಮನೆಗೆ ಹೊಂದಿಕೊಳ್ಳುತ್ತಾಳೆ, ಸಿಟ್ಟಿಲ್ಲ. ಅಗಸಿಯ ಬಗ್ಗೆ ಬರೆದದ್ದು ಬಹುಮಟ್ಟಿಗೆ ನಿಜವಾಯಿತು. ನನ್ನ ಬಗ್ಗೆ ಬರೆದದ್ದರಲ್ಲಿ ಎತ್ತರವೊಂದೇ ನಿಜ.

ನಾನು ಮಹಾನಂದಾ, ಭಾಲ್ಕಿ ಕಡೆಯ ಒಂದು ಹಳ್ಳಿಯವಳು. ಮದುವೆಯಾಗಿ ಬಂದದ್ದು ವೈಜಾಪುರಕ್ಕೆ. ಗಂಡನ ಮನೆಯವರೂ ಮೂಲದಲ್ಲಿ ನಮ್ಮ ಕಡೆಯವರೇ. ಅವರ ಅಜ್ಜ ಕಿರಾಣಿ ವ್ಯಾಪಾರಕ್ಕೆಂದು ವೈಜಾಪುರಕ್ಕೆ ಬಂದು, ಹೊಲ ಕೊಂಡು, ಅಲ್ಲಿಯವರೇ ಆಗಿಬಿಟ್ಟರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ನಮ್ಮ ಮನೆಯವರಿಗೆ ನಾಸಿಕದ ಅಂಬಡ್‌ನಲ್ಲಿ ಸ್ವಿಚ್ಚು ಮಾಡುವ ಕಾರ್ಖಾನೆಯಲ್ಲಿ ಕೆಲಸವಾಯಿತು, ನಾವು ನಾಸಿಕಕ್ಕೆ ಬಂದೆವು. ಹೊಲವನ್ನು ನೋಡಿಕೊಂಡವರು ನಮ್ಮ ಮನೆಯವರ ಅಣ್ಣ, ಅಂದರೆ ನನ್ನ ಭಾವ ಧನರಾಜರು.

ಭಾವನವರನ್ನು ಕೆಟ್ಟವರೆಂದು ತೋರಿಸಿ ನಾನು ದೊಡ್ಡವಳಾಗಬೇಕಿಲ್ಲ. ಮೂವತ್ತೊಂದು ವರ್ಷ ಪ್ರತಿ ಸುಗ್ಗಿಗೆ ಅವರು ಎಸ್‌ಟಿ ಬಸ್ಸಿನ ತಲೆಯ ಮೇಲೆ ಹಾಕಿಸಿ ಕಳಿಸಿದ ಗೋಧಿ, ಸಜ್ಜೆ ತಿಂದೇ ನಮ್ಮ ಮಗಳು ಬೆಳೆದಳು. ಆದರೆ ಆ ಚೀಲಗಳ ಜೊತೆ ಇನ್ನೊಂದೂ ಬರುತ್ತಿತ್ತು. ಏನು ಬಿತ್ತಬೇಕು, ಮಗಳನ್ನು ಯಾವ ಶಾಲೆಗೆ ಹಾಕಬೇಕು, ಮನೆಗೆ ಯಾವ ಬಣ್ಣ ಬಳಿಯಬೇಕು ಎಂಬುದನ್ನೂ ಭಾವನವರೇ ಹೇಳುತ್ತಿದ್ದರು. ನಮ್ಮ ಮನೆಯವರು ಅಣ್ಣನಿಗೆ ಹೂಂ ಅನ್ನುತ್ತಿದ್ದರು. ಅವರು ಹೂಂ ಅಂದದ್ದಕ್ಕೆ ನಾನೂ ಹೂಂ ಅನ್ನುತ್ತಿದ್ದೆ. ಎದುರು ಮಾತಾಡಬೇಕೆಂದು ಬಾಯಿ ತೆರೆದಾಗಲೆಲ್ಲ ಆ ಗೋಧಿಯ ಚಪಾತಿಯೇ ಬಾಯಲ್ಲಿರುತ್ತಿತ್ತು.

ಅಗಸಿಯ ಗಲಾಟೆ ಶುರುವಾದದ್ದು ನನ್ನ ಮಗಳು ಪೂಜಾಳಿಂದ. ಅವಳು ನಾಸಿಕದಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರೂ ಜಗಳವನ್ನು ತಡೆಯಿಲ್ಲದೆ ಮುಂದುವರಿಸುತ್ತೇವೆ. ಒಂದು ದಿನ ಮಾಲಿನಿಂದ ಜಿಪ್ ಇರುವ ಒಂದು ಪ್ಯಾಕೆಟ್ ತಂದಳು. ಅದರ ಮೇಲೆ ಯಾರೋ ಬಿಳಿಯ ಹೆಂಗಸು ಯೋಗ ಮಾಡುತ್ತಿದ್ದಳು. ದಿನಾ ಒಂದು ಚಮಚ ತಿನ್ನಬೇಕು, ಹೃದಯಕ್ಕೆ ಒಳ್ಳೆಯದು, ಕೂದಲಿಗೆ ಒಳ್ಳೆಯದು, ವಿದೇಶದಲ್ಲಿ ಎಲ್ಲರೂ ತಿನ್ನುತ್ತಾರೆ ಎಂದು ನನಗೆ ವಿವರಿಸಿ ಹೇಳಿದಳು. ನಾನು ಪ್ಯಾಕೆಟ್ ಬಿಚ್ಚಿ ಅಂಗೈ ಮೇಲೆ ಸುರಿದುಕೊಂಡೆ. ಅಗಸಿ.

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ? ನಮ್ಮವ್ವನನ್ನು ಯಾರೋ ನನಗೇ ಪರಿಚಯ ಮಾಡಿಸಿಕೊಟ್ಟ ಹಾಗಾಯಿತು.

ನಮ್ಮವ್ವ ಅಗಸಿಯನ್ನು ಕಬ್ಬಿಣದ ಬಾಣಲೆಯಲ್ಲಿ ಹುರಿಯುವಾಗ ಅದು ಚಟಪಟ ಎಂದು ಸಿಡಿದು ಒಲೆಯ ಸುತ್ತ ಹಾರುತ್ತಿತ್ತು. ನಾವು ಮಕ್ಕಳು ಅದನ್ನು ನೆಲದಿಂದ ಆರಿಸಿ ತಿನ್ನುತ್ತಿದ್ದೆವು. ಆಮೇಲೆ ಬಳ್ಳೊಳ್ಳಿ, ಒಣಮೆಣಸಿನಕಾಯಿ, ಉಪ್ಪು ಹಾಕಿ ಒರಳಲ್ಲಿ ಕುಟ್ಟಿದರೆ ಅಗಸಿ ಹಿಂಡಿ. ಬಿಸಿ ಜೋಳದ ರೊಟ್ಟಿಯ ಮೇಲೆ ಅದನ್ನು ಹರಡಿ, ನಡುವೆ ಕುಣಿ ಮಾಡಿ ಎಣ್ಣೆ ಹಾಕಿಕೊಂಡು ತಿಂದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ತಿನ್ನದವರಿಗೆ ಹೇಳಿ ಉಪಯೋಗವಿಲ್ಲ. ಕುರು ಎದ್ದರೆ ಅರೆದ ಅಗಸಿಯನ್ನು ಬಿಸಿ ಮಾಡಿ ಕಟ್ಟುತ್ತಿದ್ದರು. ಬಾಣಂತಿಗೆ ಅಗಸಿ ಉಂಡೆ. ಕಣ್ಣಲ್ಲಿ ಕಸ ಬಿದ್ದರೆ ನಮ್ಮಜ್ಜಿ ಒಂದೇ ಒಂದು ಅಗಸಿ ಕಾಳನ್ನು ತೊಳೆದು ರೆಪ್ಪೆಯ ಒಳಗೆ ಇಡುತ್ತಿದ್ದಳು. ನೀರು ಕುಡಿದ ಕಾಳು ಲೋಳೆಯಾಗಿ ಉಬ್ಬಿ, ಕಸವನ್ನು ಅಂಟಿಸಿಕೊಂಡು ಕಣ್ಣಿನ ಮೂಲೆಗೆ ತಾನೇ ಬರುತ್ತಿತ್ತು. ಇದನ್ನು ಹೇಳಿದ ದಿನ ಪೂಜಾ ನನ್ನ ಕಣ್ಣನ್ನು ಡಾಕ್ಟರಿಗೆ ತೋರಿಸಬೇಕೆಂದು ಹಟ ಹಿಡಿದಳು.

ನಮ್ಮ ಕಡೆ ಊರಬಾಗಿಲಿಗೂ ಅಗಸಿ ಎನ್ನುತ್ತಾರೆ. ಐದು ವರ್ಷದವಳಿದ್ದಾಗ ಅವ್ವ ಒಂದು ದಿನ ಅಗಸಿ ಮುಗಿದಿದೆ, ತರಬೇಕು ಅಂದಳು. ನಾನು ಬುಟ್ಟಿ ತಗೊಂಡು ನೇರ ಊರಬಾಗಿಲಿಗೆ ಹೋಗಿ, ಆ ಹಳೆಯ ಕಲ್ಲಿನ ಕಮಾನಿನ ಕೆಳಗೆ ಬುಟ್ಟಿ ಹಿಡಿದು ನಿಂತಿದ್ದೆ, ಮೇಲಿಂದ ಉದುರುತ್ತದೆಂದು. ಅಲ್ಲಿ ಕೂತಿದ್ದ ಹಿರಿಯರು ಮಧ್ಯಾಹ್ನದ ತನಕ ನನ್ನನ್ನು ನಿಲ್ಲಿಸಿ ಮಜಾ ತಗೊಂಡರು. ಆದರೂ ನಾನು ಅಳಲಿಲ್ಲ. ಅಗಸಿ ಅಗಸಿಯಲ್ಲಿ ಸಿಗದಿದ್ದರೆ ಅದು ನನ್ನ ತಪ್ಪಲ್ಲ ಎಂದು ಅವ್ವನ ಹತ್ತಿರ ವಾದ ಮಾಡಿದ್ದೆ. ಈಗಲೂ ಅದೇ ನನ್ನ ಅಭಿಪ್ರಾಯ.

ಇರಲಿ. ಆ ಪ್ಯಾಕೆಟ್ ಬಂದ ತಿಂಗಳೇ ಸಂಭಾಜಿನಗರದಲ್ಲಿ ನಮ್ಮ ನೆಂಟರ ಮದುವೆಯಿತ್ತು. ಕಲ್ಯಾಣ ಮಂಟಪದ ಎದುರಿನ ಮೈದಾನದಲ್ಲಿ ರೈತರ ಪ್ರದರ್ಶನ ನಡೆಯುತ್ತಿತ್ತು. ಊಟದ ಸರದಿ ತಡವಾದೀತೆಂದು ನಾನು ರೇಷ್ಮೆ ಸೀರೆಯಲ್ಲೇ ಅಲ್ಲಿಗೆ ಹೋದೆ. ದ್ರಾಕ್ಷಿ, ದಾಳಿಂಬೆ, ಡ್ರಿಪ್ಪು, ಪಂಪುಗಳ ನಡುವೆ ಒಂದು ಸಣ್ಣ ಮೇಜು, ಅದರ ಮೇಲೆ ಈ ಹಸಿರು ಕರಪತ್ರಗಳು ಮತ್ತು ಬೀಜದ ಚೀಲಗಳು. ಮೇಜಿನ ಹಿಂದೆ ಇದ್ದವರು ಎಷ್ಟು ಎಕರೆ ಎಂದು ಕೇಳಿದರು. ನಾಸಿಕದಲ್ಲಿ ಎರಡನೇ ಮಹಡಿಯ ಮನೆ ಎಂದು ಹೇಳಲು ನಾಚಿಕೆಯಾಯಿತು. ಎರಡು ಎಕರೆ ಅಂದುಬಿಟ್ಟೆ. ಎರಡು ಎಕರೆಗೆ ಆಗುವಷ್ಟು ಬೀಜ ಕೊಟ್ಟರು. ಮದುವೆಗೆ ಉಡುಗೊರೆ ಹಿಡಿದುಕೊಂಡು ಹೋದವಳು ಬಿತ್ತನೆ ಬೀಜ ಹೊತ್ತುಕೊಂಡು ಬಂದೆ.

ಸುಳ್ಳು ಎಂದು ನಾನಂದುಕೊಂಡಿದ್ದ ಆ ಎರಡು ಎಕರೆ ನಿಜಕ್ಕೂ ಇತ್ತು. ವೈಜಾಪುರದ ನಮ್ಮ ಹೊಲಕ್ಕೆ ಅಡ್ಡಲಾಗಿ ಒಂದು ಹಳ್ಳ ಹರಿಯುತ್ತದೆ. ಹಳ್ಳದ ಈಚೆಗೆ ಬಾವಿ ಮತ್ತು ಭಾವನವರ ಪಾಲು. ಆಚೆಗೆ, ನೀರು ಹೋಗದ ಎರಡು ಎಕರೆ ಕಪ್ಪು ಮಣ್ಣು, ನಮ್ಮ ಮನೆಯವರ ಪಾಲು. ಅಲ್ಲಿ ಭಾವನವರು ಪ್ರತಿವರ್ಷ ಕಡಲೆ ಬಿತ್ತುತ್ತಿದ್ದರು. ದೀಪಾವಳಿಗೆ ಎಲ್ಲರೂ ವೈಜಾಪುರದಲ್ಲಿ ಸೇರಿದಾಗ, ಪಡಸಾಲೆಯಲ್ಲಿ ಗಂಡಸರು ಹಿಂಗಾರಿಯ ಮಾತು ತೆಗೆದರು. ನಮ್ಮ ಮನೆಯವರು ಆ ವರ್ಷವಷ್ಟೇ ಕೆಲಸದಿಂದ ನಿವೃತ್ತರಾಗಿದ್ದರು. ನಾನು ಚಹಾ ಕೊಡಲು ಹೋದವಳು ತಟ್ಟೆಯನ್ನು ಕೆಳಗಿಟ್ಟು ಅಲ್ಲೇ ನಿಂತೆ.

“ಹಳ್ಳದಾಚಿ ಎರಡು ಎಕರೆ ಈ ಸಲ ನಾನು ಬಿತ್ತತೀನ್ರಿ ಭಾವಾ. ಅಗಸಿ ಬಿತ್ತತೀನಿ.”

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಅಲ್ಲಿ ಇದ್ದದ್ದು ಭಾವನವರ ಹೆಂಡತಿ ಇಂದುಮತಿ ಅಕ್ಕ. ಗಂಡಸರು ಕೂತಾಗ ಆಕೆ ಪಡಸಾಲೆಗೆ ಬಂದದ್ದನ್ನು ನಾನು ನೋಡಿಯೇ ಇರಲಿಲ್ಲ. ಭಾವನವರು ನನ್ನನ್ನು ನೋಡಲಿಲ್ಲ, ತಮ್ಮನನ್ನು ನೋಡಿದರು. ತಮ್ಮ ಚಹಾದ ಲೋಟವನ್ನು ನೋಡಿದರು. ಆಮೇಲೆ ಭಾವನವರು ನಕ್ಕರು.

“ನೋಡವಾ, ಹೊಲ ಅಂದ್ರ ಗ್ಯಾಲರಿಯಾಗಿನ ತುಳಸಿ ಅಲ್ಲ.” ಗ್ಯಾಲರಿ ಅಂದರೆ ನಾಸಿಕದ ನಮ್ಮ ಮನೆಯ ಬಾಲ್ಕನಿ.

ಅಗಸಿಯನ್ನು ಈಗ ಯಾರೂ ಬಿತ್ತುವುದಿಲ್ಲ, ಅದರ ಕಾಂಡ ನಾರು, ಕೊಯ್ಯಲು ಆಳು ಸಿಗುವುದಿಲ್ಲ, ಕಡಲೆಯಾದರೆ ಕಣ್ಣು ಮುಚ್ಚಿ ಬರುತ್ತದೆ ಎಂದು ಅವರು ಸಮಾಧಾನವಾಗಿ ವಿವರಿಸಿದರು. ಎಲ್ಲವೂ ಸರಿಯಾದ ಮಾತುಗಳೇ. ನಾನು ಹೂಂ ಅನ್ನುತ್ತ ಕೇಳಿ, ಕೊನೆಗೆ ಮತ್ತೆ ಅದನ್ನೇ ಹೇಳಿದೆ. ಅವರಿಗೆ ಬೇಸರವಾಗಿ, ಬಿತ್ತು, ನೋಡೋಣ ಅಂದರು. ಆದರೆ ತಮ್ಮ ಕೂರಿಗೆ ಕೊಡಲಿಲ್ಲ. ಅದರ ತೂತು ಕಡಲೆಗೆ ಮಾಡಿಸಿದ್ದು, ಅಗಸಿ ಅದರೊಳಗಿಂದ ಸುಮ್ಮನೆ ಸುರಿದು ಹೋಗುತ್ತದೆ ಎಂಬುದು ಅವರ ಕಾರಣ. ಅದೂ ಸರಿಯೇ. ಭಾವನವರ ತೊಂದರೆಯೇ ಅದು, ಯಾವಾಗಲೂ ಸರಿಯಾಗಿರುತ್ತಾರೆ.

ನನ್ನನ್ನು ಉಳಿಸಿದವಳು ಕಡುಬಾಯಿ. ನಮ್ಮ ಹೊಲದಲ್ಲಿ ಕಳೆ ಕೀಳಲು ಬರುವ ಮುದುಕಿ, ಕನ್ನಡ ಒಂದಕ್ಷರ ಬಾರದು. ಜವಸ ಎಂದದ್ದೇ ಆಕೆಯ ಮುಖ ಅರಳಿತು. ಹುಡುಗಿಯಾಗಿದ್ದಾಗ ಬಿತ್ತಿದ್ದಳಂತೆ. ತನ್ನ ತಮ್ಮನ ಎತ್ತು, ಹಳೆಯ ಕೂರಿಗೆ ತರಿಸಿದಳು. ಬೀಜ ಬೆರಳ ಸಂದಿಯಿಂದ ಜಾರುತ್ತದೆಂದು ಜರಡಿ ಹಿಡಿದ ಗೊಬ್ಬರವನ್ನು ಅದಕ್ಕೆ ಬೆರೆಸಿದಳು. ಆಳಕ್ಕೆ ಹಾಕಬಾರದು, ಮೇಲೆಮೇಲೆ ಬಿತ್ತಬೇಕೆಂದು ಎತ್ತು ಹೊಡೆಯುವವನನ್ನು ಬೈಯುತ್ತ ಸಾಲಿನುದ್ದಕ್ಕೂ ನಡೆದಳು. ನನಗೆ ಆಕೆ ಕೊಟ್ಟ ಕೆಲಸ ಬದುವಿನ ಮೇಲೆ ಕೂತು ನೀರಿನ ಬಾಟಲಿ ಕಾಯುವುದು. ಬಿತ್ತನೆ ಮುಗಿದಾಗ ನಾವು ಹದಿನೈದು ದಿನ ತಡವಾಗಿದ್ದೆವು. ಕರಪತ್ರದಲ್ಲಿ ಬೇಗ ಬಿತ್ತಿ ಎಂದು ಬರೆದಿತ್ತು. ನಾನು ಆ ಸಾಲನ್ನು ಓದಿಯೂ ಓದದ ಹಾಗೆ ಮಾಡಿದೆ.

ಅವತ್ತಿನಿಂದ ಪ್ರತಿ ಶನಿವಾರ ನಾಸಿಕದಿಂದ ಮುಂಜಾನೆಯ ಬಸ್ಸು, ಯೇವಲಾ ದಾಟಿ ವೈಜಾಪುರ. ಅಲ್ಲಿಂದ ಹೊಲಕ್ಕೆ ಹೋಗುವಷ್ಟರಲ್ಲಿ ಮಧ್ಯಾಹ್ನ. ನಮ್ಮ ಕಟ್ಟಡದ ಹೆಂಗಸರು ಶನಿವಾರ ದಿಂಡೋರಿಯ ದ್ರಾಕ್ಷಿ ತೋಟಗಳಿಗೆ ಹೋಗಿ ಬಳ್ಳಿಯ ಕೆಳಗೆ ಫೋಟೋ ತೆಗೆಸಿಕೊಂಡು ಬರುತ್ತಿದ್ದರು. ನಾನು ಎಲ್ಲಿಗೆ ಹೋಗುತ್ತೇನೆಂದು ಕೇಳಿದರೆ ನನ್ನ ತೋಟಕ್ಕೆ ಎನ್ನುತ್ತಿದ್ದೆ. ಯಾವ ದ್ರಾಕ್ಷಿ ಎಂದು ಅವರು ಕೇಳುವಷ್ಟರಲ್ಲಿ ಮೆಟ್ಟಿಲು ಇಳಿದಿರುತ್ತಿದ್ದೆ.

ಗಿಡ ಎದ್ದವು. ಸಪೂರ ಕಾಂಡ, ಸೂಜಿಯಂಥ ಎಲೆ. ಮೊಣಕಾಲು ಮುಟ್ಟಿದವು. ದನಗಳು ಬದುವಿನ ಹುಲ್ಲು ಮೇಯುತ್ತ ಬಂದು ಅಗಸಿಯನ್ನು ಮೂಸಿ ಮುಂದೆ ಹೋಗುತ್ತಿದ್ದವು. ಸಂಕ್ರಾಂತಿ ಹತ್ತಿರ ಬಂತು. ಹೂವೇ ಇಲ್ಲ. ಒಂದು ಶನಿವಾರ ನೋಡಿದೆ, ಹಸಿರು. ಮುಂದಿನ ಶನಿವಾರ ನೋಡಿದೆ, ಹಸಿರು. ಮನೆಯಲ್ಲಿ ಇಂದುಮತಿ ಅಕ್ಕ ತಟ್ಟೆಗೆ ಅನ್ನ ಬಡಿಸುತ್ತ, ಸುಮ್ಮನೆ ಕೇಳಿದ ಹಾಗೆ, ಇದಕ್ಕೆ ನೀರು ಬಹಳ ಬೇಕಾಗುತ್ತದೇನು ಎಂದಳು. ಬೇಡ ಎಂದೆ. ಮದ್ದು ಹೊಡೆಯಬೇಕೇ ಎಂದಳು. ನಾನೇನೂ ಹೊಡೆದಿಲ್ಲ ಎಂದೆ. ಹೂವು ಬಿಟ್ಟಿದೆಯೇ ಎಂದು ಮಾತ್ರ ಕೇಳಲಿಲ್ಲ. ನನ್ನ ಮುಖದಲ್ಲೇ ಕಂಡಿರಬೇಕು.

ಕೊನೆಗೆ ಕಡುಬಾಯಿಯ ಹತ್ತಿರ ಅತ್ತುಕೊಂಡೆ. ಬೀಜ ಕೊಟ್ಟವರು ಮೋಸ ಮಾಡಿದರು, ಇದು ಬಂಜೆ ತಳಿ ಎಂದೆ. ಆಕೆ ಸೊಂಟಕ್ಕೆ ಕೈಯಿಟ್ಟುಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಸಕಾಳೀ ಯೇ” ಅಂದಳು. ಬೆಳಿಗ್ಗೆ ಬಾ. ಅಷ್ಟೇ.

ಆ ರಾತ್ರಿ ವೈಜಾಪುರದಲ್ಲೇ ಉಳಿದು, ಭಾನುವಾರ ಬೆಳಕು ಹರಿದಾಗ ಹಳ್ಳ ದಾಟಿದೆ. ಎರಡು ಎಕರೆಯೂ ನೀಲಿ. ಒಂದೊಂದು ಗಿಡದ ತುದಿಯಲ್ಲೂ ಐದು ಎಸಳಿನ ಹೂವು, ತೆಳುವಾದ ಎಸಳು, ಒಳಗೆ ಇನ್ನೂ ಗಾಢ ನೀಲಿಯ ಗೆರೆ. ಗಾಳಿ ಬೀಸಿದರೆ ಇಡೀ ಹೊಲ ಒಂದು ಕಡೆಗೆ ವಾಲಿ ಮತ್ತೆ ಎದ್ದು ನಿಲ್ಲುತ್ತಿತ್ತು. ನಾನು ಬದುವಿನ ಮೇಲೆ ಕೂತೆ. ಬಿಸಿಲು ಏರಿದ ಹಾಗೆ ಎಸಳುಗಳು ಒಂದೊಂದಾಗಿ ಕಳಚಿ ಮಣ್ಣಿನ ಮೇಲೆ ಬಿದ್ದವು. ಹನ್ನೆರಡಕ್ಕೆ ಹೊಲ ಮತ್ತೆ ಬರೀ ಹಸಿರು. ಅಗಸಿಯ ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಉದುರುತ್ತದೆ. ಇಷ್ಟು ದಿನ ನನ್ನ ಬಸ್ಸಿನ ವೇಳೆ ತಪ್ಪಾಗಿತ್ತು, ಗಿಡದ ವೇಳೆ ಸರಿಯಾಗಿತ್ತು. ಅಗಸಿ ತಿಂದೇ ಬೆಳೆದವಳು ನಾನು, ಐವತ್ತೇಳನೇ ವಯಸ್ಸಿಗೆ ಅದರ ಹೂವು ನೋಡಿದೆ.

ಫೋಟೋ ತೆಗೆದು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಯಾರೋ ಒಬ್ಬರು ಯಾವ ಗಿರಿಧಾಮ ಎಂದು ಕೇಳಿದರು. ಭಾವನವರು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು. ತಮ್ಮದೇ ಹಳ್ಳದ ಆಚೆ ದಂಡೆ ಅದು ಎಂದು ಅವರಿಗೆ ಹೊಳೆಯಲಿಲ್ಲ. ಬೆಳಿಗ್ಗೆ ಅವರಿಗೆ ಬಾವಿಯ ಕಡೆ ನೀರು ಬಿಡುವ ಕೆಲಸ. ಆಚೆ ದಂಡೆಗೆ ಅವರು ಬರುತ್ತಿದ್ದದ್ದು ಊಟವಾದ ಮೇಲೆ.

ಮುಂದಿನ ಶನಿವಾರವೂ ಅವರು ಊಟವಾದ ಮೇಲೆಯೇ ಬಂದರು. ಆದರೆ ಆ ಸಲ ಹಿಂದೆ ಟ್ರ್ಯಾಕ್ಟರ್ ಇತ್ತು, ಟ್ರ್ಯಾಕ್ಟರಿಗೆ ನಿಂತ ಬೆಳೆಯನ್ನೂ ಕೊಚ್ಚಿಹಾಕುವ ರೊಟಾವೇಟರ್ ಕಟ್ಟಿತ್ತು. ನಾನೂ ಕಡುಬಾಯಿಯೂ ಸಾಲಿನ ನಡುವೆ ಹುಲ್ಲು ಕೀಳುತ್ತಿದ್ದೆವು. ವಿಷಯ ಇಷ್ಟು: ಭಾವನವರ ಉಳ್ಳಾಗಡ್ಡಿ ಸಸಿ ಲೆಕ್ಕಕ್ಕಿಂತ ಹೆಚ್ಚು ಎದ್ದಿದ್ದವು, ಈಚೆಗೆ ಜಾಗ ಸಾಲಲಿಲ್ಲ. ಆ ವಾರ ಹಳ್ಳದ ಮೇಲೆ ಪೈಪು ಹಾಯಿಸಿ ಆಚೆಗೂ ನೀರು ತಂದಿದ್ದರು. ಹೂವು ಕಾಣದ ಅಗಸಿಯನ್ನು ಮಣ್ಣಿಗೆ ಸೇರಿಸಿ, ಸೋಮವಾರ ಅಲ್ಲಿ ಉಳ್ಳಾಗಡ್ಡಿ ನಾಟಿ ಮಾಡಿಸುವುದು ಅವರ ಯೋಚನೆ. ನನ್ನನ್ನು ಕೇಳಬೇಕೆಂದು ಅವರಿಗೆ ಅನ್ನಿಸಿರಲಿಲ್ಲ. ಕೆಟ್ಟತನದಿಂದ ಅಲ್ಲ. ಮೂವತ್ತೊಂದು ವರ್ಷದಲ್ಲಿ ಕೇಳುವ ರೂಢಿ ಬಿದ್ದಿರಲಿಲ್ಲ.

“ಈಚೀ ಬಾರವಾ,” ಅಂದರು. “ಹೂವಿಲ್ಲ, ಕಾಯಿಲ್ಲ. ಎರಡೂವರೆ ತಿಂಗಳು ನೋಡಿದ್ದಾಯ್ತು. ಅಲ್ಲಿ ಸಸಿ ಒಣಗ್ಲತ್ತಾವ.”

“ಹೂವು ಮುಂಜಾನಿ ಇರ್ತಾವ್ರಿ. ಮಧ್ಯಾಹ್ನಕ್ಕ ಉದುರ್ತಾವ. ನಾಳಿ ಏಳಕ್ಕ ಬರ್ರಿ, ತೋರಸ್ತೀನಿ.”

ಅವರು ನಂಬಲಿಲ್ಲ. ಮೊಬೈಲು ತೆಗೆದು ಫೋಟೋ ತೋರಿಸಿದೆ. ಬಿಸಿಲಿಗೆ ಪರದೆಯಲ್ಲಿ ಅವರ ಮುಖವೇ ಕಾಣುತ್ತಿತ್ತು. ಕೈ ಅಡ್ಡ ಹಿಡಿದು ನೋಡಿ, ಮೊಬೈಲಿನಲ್ಲಿ ಏನು ಬೇಕಾದರೂ ಬರುತ್ತದೆ ಎಂದರು. ಕೆಳಗಿನ ಕೊಂಬೆಗಳಲ್ಲಿ ಕಟ್ಟಿದ್ದ ಹಸಿರು ಗುಂಡುಕಾಯಿ ಕಿತ್ತು ಅವರ ಅಂಗೈಗೆ ಹಾಕಿದೆ. ಕೊತ್ತಂಬರಿ ಕಾಳಿನಷ್ಟು ದಪ್ಪ. ಅವರು ಅದನ್ನು ಉಗುರಿನಿಂದ ಒಡೆದು ನೋಡಿ ಕೆಳಗೆ ಬಿಟ್ಟರು.

“ನಾಳಿ ತನಕ ಟ್ರ್ಯಾಕ್ಟರ್ ನಿಲ್ಲಂಗಿಲ್ಲ.”

“ನಾ ನಿಲ್ತೀನ್ರಿ,” ಅಂದೆ.

ಹಾಗೆ ಹೇಳಿದವಳು ಕೂತುಬಿಟ್ಟೆ. ನಿಂತಿದ್ದರೆ ರೂಢಿಯಂತೆ ಹೂಂ ಅಂದು ಪಕ್ಕಕ್ಕೆ ಸರಿದುಬಿಟ್ಟೇನೆಂಬ ಭಯವಿತ್ತು. ನನ್ನ ಜೀವನದ ದೊಡ್ಡ ಧೈರ್ಯದ ಕೆಲಸ ಹೀಗೆ ಹೆದರಿಕೆಯಿಂದ ಆಯಿತು. ಟ್ರ್ಯಾಕ್ಟರಿನ ಮುಂದೆ, ಮೊದಲನೇ ಸಾಲಿನ ಮೇಲೆ ಕೂತಿದ್ದೆ. ನನ್ನ ಕೆಳಗೆ ಸಿಕ್ಕ ಎಂಟು ಹತ್ತು ಗಿಡ ಮುರಿದವು, ಅದನ್ನು ಒಪ್ಪಿಕೊಳ್ಳುತ್ತೇನೆ. ಕಡುಬಾಯಿ ಏನೂ ಕೇಳದೆ ಬಂದು ಪಕ್ಕದಲ್ಲಿ ಕೂತು ಎಲೆಯಡಿಕೆ ಚೀಲ ಬಿಚ್ಚಿದಳು. ಟ್ರ್ಯಾಕ್ಟರಿನವನು ಒಮ್ಮೆ ನಮ್ಮನ್ನು, ಒಮ್ಮೆ ಭಾವನವರನ್ನು ನೋಡಿ, ಎಂಜಿನ್ ಆರಿಸಿ, ಚಹಾ ಕುಡಿದು ಬರುತ್ತೇನೆಂದು ರಸ್ತೆಯ ಕಡೆ ನಡೆದ.

ಭಾವನವರು ನಾಸಿಕಕ್ಕೆ ಫೋನ್ ಮಾಡಿದರು. ನಾನೂ ಕೇಳಲೆಂದು ಸ್ಪೀಕರಿಗೆ ಹಾಕಿದರು. “ನಿನ್ನ ಹೆಂಡ್ತಿ ಹೊಲದಾಗ ಕುಂತಾಳ. ಏಳಂತ ಹೇಳು.”

ಆ ಕಡೆ ಮಿಕ್ಸಿಯ ಸದ್ದು ಕೇಳುತ್ತಿತ್ತು. ಆಮೇಲೆ ಅದು ನಿಂತಿತು. ನಮ್ಮ ಮನೆಯವರು ಜೀವಮಾನದಲ್ಲಿ ಅಣ್ಣನಿಗೆ ಇಲ್ಲ ಅಂದವರಲ್ಲ. ನನಗೆ ಒಂದೇ ಒಂದು ಮಾತು ಬೇಕಾಗಿತ್ತು. ಹೊಲ ಆಕೆಯದು ಎಂಬ ಮಾತು.

“ಅಣ್ಣಾ, ಆಕಿ ಕುಂತ್ರ ಏಳಂಗಿಲ್ಲ,” ಅಂದರು ಅವರು. “ನೀವ ಟ್ರ್ಯಾಕ್ಟರ್ ಹೊಳ್ಳಿಸ್ರಿ.”

ಭಾವನವರು ಫೋನನ್ನು ಜೇಬಿಗೆ ಹಾಕಿಕೊಂಡರು. ಅವರ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಆಶ್ಚರ್ಯ ಇತ್ತು, ದಿನಾ ತೆರೆಯುವ ಬಾಗಿಲು ಅವತ್ತು ತೆರೆಯದಿದ್ದರೆ ಆಗುವಂಥದ್ದು. ಆಮೇಲೆ ಹಳ್ಳ ದಾಟಿ ಹೋದರು. ಉಳಿದ ಸಸಿಯನ್ನು ಪಕ್ಕದ ಹೊಲದವರಿಗೆ ಕೊಟ್ಟರೆಂದು ಆಮೇಲೆ ತಿಳಿಯಿತು. ನಾನು ಎದ್ದದ್ದು ಟ್ರ್ಯಾಕ್ಟರ್ ರಸ್ತೆಗೆ ಸೇರಿದ ಮೇಲೆ. ಎಬ್ಬಿಸಲು ಕಡುಬಾಯಿ ಎರಡೂ ಕೈ ಕೊಡಬೇಕಾಯಿತು.

ನಾಸಿಕಕ್ಕೆ ಬಂದು ಗಂಡನ ಮೇಲೆ ಹರಿಹಾಯ್ದೆ. ಅಷ್ಟು ವರ್ಷಕ್ಕೊಂದು ಸಲ ಬಾಯಿ ತೆಗೆದು, ನಾನೊಬ್ಬಳು ಹಟಮಾರಿ ಎಂದಷ್ಟೇ ಹೇಳಿದಿರಲ್ಲ ಎಂದೆ. ಹೊಲ ಆಕೆಯದು ಎನ್ನಲಿಕ್ಕೆ ಏನಾಗಿತ್ತು? ಅವರು ತಲೆ ತಗ್ಗಿಸಿ, ಅಣ್ಣನ ಮುಂದೆ ಅಷ್ಟೇ ಬಂತು ಎಂದರು. ನಾನು ಇವತ್ತಿಗೂ ಅದನ್ನು ಪೂರ್ತಿ ಕ್ಷಮಿಸಿಲ್ಲ. ಆದರೆ ಮುಂದಿನ ಶನಿವಾರ ಬಸ್‌ಸ್ಟ್ಯಾಂಡಿನಲ್ಲಿ ನೋಡಿದರೆ ನನಗಿಂತ ಮುಂಚೆ ಬಂದು ಎರಡು ಸೀಟು ಹಿಡಿದು ಕೂತಿದ್ದರು. ಅಲ್ಲಿಂದ ಕೊಯ್ಲಿನ ತನಕ ಒಂದು ಶನಿವಾರವೂ ತಪ್ಪಿಸಲಿಲ್ಲ. ಹಳ್ಳ ದಾಟುವಾಗ ಅಣ್ಣನ ಕಣ್ಣಿಗೆ ಬೀಳದ ಹಾಗೆ ಬಗ್ಗಿ ನಡೆಯುತ್ತಿದ್ದರು, ಅದು ಬೇರೆ ಮಾತು.

ಇಲ್ಲಿಗೆ ಕಥೆ ನಿಲ್ಲಿಸಿದರೆ ನಾನು ಗೆದ್ದ ಹಾಗೆ ಕಾಣುತ್ತದೆ. ಆದರೆ ನಿಮಗೆ ನಾನು ಸುಳ್ಳು ಹೇಳುವುದಿಲ್ಲ. ತಡವಾಗಿ ಬಿತ್ತಿದ್ದರಿಂದ ಮೊಗ್ಗಿನ ನೊಣ ಬಿತ್ತು. ಮೊಗ್ಗಿನೊಳಗೆ ಮೊಟ್ಟೆಯಿಡುವ ಸಣ್ಣ ಕಿತ್ತಳೆ ಬಣ್ಣದ ನೊಣ. ಅದು ಹೊಕ್ಕ ಮೊಗ್ಗು ಅರಳುವುದಿಲ್ಲ, ಕಾಯಿ ಕಟ್ಟುವುದಿಲ್ಲ. ಕೆಳಗಿನ ಮೂಲೆಯಲ್ಲಿ ಅರ್ಧಕ್ಕರ್ಧ ಹೋಯಿತು. ಕರಪತ್ರದಲ್ಲಿ ಅದಕ್ಕೆ ಎಚ್ಚರಿಕೆಯೂ ಇತ್ತು, ಸಣ್ಣ ಅಕ್ಷರದಲ್ಲಿ. ಉಳಿದದ್ದು ಮಾರ್ಚಿನಲ್ಲಿ ಬಂಗಾರದ ಬಣ್ಣಕ್ಕೆ ತಿರುಗಿತು. ಅಲುಗಿಸಿದರೆ ಕಾಯಿಯೊಳಗೆ ಕಾಳು ಗಿಲಗಿಲ ಎನ್ನುತ್ತಿತ್ತು, ಒಂದು ಕಾಯಿಯೂ ಹೊಲದಲ್ಲಿ ಸಿಡಿಯಲಿಲ್ಲ. ಕಾಂಡ ನಾರೆಂದು ಭಾವನವರು ಹೇಳಿದ್ದು ನಿಜವೇ ಆಗಿತ್ತು. ಕುಡುಗೋಲು ದಿನಕ್ಕೆರಡು ಸಲ ಮಸೆಯಬೇಕಾಯಿತು. ಕಡುಬಾಯಿ ತನ್ನ ಓಣಿಯ ಮೂವರು ಹೆಂಗಸರನ್ನು ಕರೆತಂದಳು, ನಾವು ಐವರು ಎರಡು ದಿನ ಕೊಯ್ದೆವು. ನನ್ನ ಸಾಲು ಎಲ್ಲರಿಗಿಂತ ಹಿಂದೆ ಇರುತ್ತಿತ್ತು.

ಒಣಗಿದ ಸಿವುಡುಗಳನ್ನು ಮನೆಯ ಮಾಳಿಗೆಯ ಮೇಲೆ ತಾಡಪತ್ರಿ ಹಾಸಿ ಕೋಲಿನಿಂದ ಬಡಿದೆವು. ಬೆಳಗಿನ ಗಾಳಿಗೆ ನಾನೂ ಕಡುಬಾಯಿಯೂ ತೂರಲು ನಿಂತೆವು. ನಮ್ಮ ಮನೆಯವರು ಚೀಲ ಹಿಡಿದರು. ಕಾಳು ಚೀಲಕ್ಕೆ ನೀರಿನಂತೆ ಸದ್ದಿಲ್ಲದೆ ಇಳಿಯಿತು. ಕೈ ಹಾಕಿದರೆ ತಣ್ಣಗೆ ಜಾರಿ, ಹಿಡಿಯಲ್ಲಿ ನಿಲ್ಲುತ್ತಿರಲಿಲ್ಲ.

ಭಾವನವರು ಮಾಳಿಗೆ ಏರಿ ಬಂದರು. ಜನವರಿಯಿಂದ ನನ್ನ ಜೊತೆ ಹೆಚ್ಚು ಮಾತಾಡಿರಲಿಲ್ಲ. ಚೀಲಗಳ ಸುತ್ತ ಒಂದು ಸುತ್ತು ಬಂದು, ಒಂದರ ಬಾಯಿ ಹಿಡಿದು ಎತ್ತಿ ನೋಡಿದರು.

“ಇಷ್ಟ ಏನು?” ಎಂದು ಕೇಳಿದರು. ಕಡಲೆ ಇದರ ಎರಡರಷ್ಟು ಬರುತ್ತಿತ್ತು ಎಂದರು. ಕುಹಕವಿರಲಿಲ್ಲ, ಇದ್ದದ್ದನ್ನೇ ಹೇಳಿದರು.

ಮೂವತ್ತೊಂದು ವರ್ಷದ ಹೂಂ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

“ಹೌದ್ರಿ, ಇಷ್ಟ,” ಅಂದೆ. “ಮುಂದಿನ ವರ್ಷ ಹದಿನೈದು ದಿನ ಮೊದಲ ಬಿತ್ತತೀನಿ. ಆಗೂ ಇಷ್ಟ ಬಂದ್ರ ಅದರ ಮುಂದಿನ ವರ್ಷ ಮತ್ತ ಬಿತ್ತತೀನಿ.”

ಅವರು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಬಳೆಯ ಸದ್ದಾಯಿತು. ಇಂದುಮತಿ ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಚಹಾ ತಂದಿರಬೇಕೆಂದು ನೋಡಿದೆ, ಕೈಯಲ್ಲಿ ಏನೂ ಇರಲಿಲ್ಲ. ಗಂಡನನ್ನು ದಾಟಿ ಚೀಲದ ಹತ್ತಿರ ಬಂದು, ಒಂದು ಹಿಡಿ ಕಾಳು ತೆಗೆದು ಮೂಸಿ ನೋಡಿದಳು. ಆಕೆಯೂ ಬೀದರ ಕಡೆಯವಳೇ. ಈ ಮನೆಗೆ ಬಂದು ನನಗಿಂತ ಏಳು ವರ್ಷ ಹೆಚ್ಚಾಗಿದೆ.

“ಬೀಜಕ್ಕ ಬ್ಯಾರೆ ತಗದಿಡು, ಮಹಾನಂದಾ,” ಅಂದಳು. “ಮುಂದಿನ ಸಲ ಬಾವಿ ಬಾಜೂಕಿನ ಪಟ್ಟಿ ನಾನು ಬಿತ್ತತೀನಿ.”

ಬಾವಿಯ ಪಕ್ಕದ ಪಟ್ಟಿ ಅಂದರೆ ಇಡೀ ಹೊಲದಲ್ಲಿ ಒಳ್ಳೆಯ ಮಣ್ಣು, ಭಾವನವರ ಉಳ್ಳಾಗಡ್ಡಿಯ ಜಾಗ. ನಮ್ಮ ಮನೆಯವರು ಹಿಡಿದಿದ್ದ ಚೀಲದ ಬಾಯಿ ಸಡಿಲವಾಯಿತು. ಭಾವನವರು ಹೆಂಡತಿಯ ಕಡೆ ತಿರುಗಿದರು. ಒಂದು ಸಣ್ಣ ರಾಜಿಗೆ ಬರುವವರ ದನಿಯಲ್ಲಿ, ಎಷ್ಟು ಸಾಲು ಎಂದು ಕೇಳಿದರು.

“ಸಾಲಲ್ಲರಿ. ಪಟ್ಟಿ ಪೂರಾ.”

ಅಕ್ಕ ಕಡುಬಾಯಿಯ ಕೈಯಿಂದ ಮೊರ ತಗೊಂಡಳು. ಗಾಳಿಯ ದಿಕ್ಕು ನೋಡಿ, ಕಾಲು ಅಗಲಿಸಿ ನಿಂತು ತೂರತೊಡಗಿದಳು. ಕಾಳು ನೇರ ಕೆಳಗೆ ಬಿತ್ತು, ಹೊಟ್ಟು ಹಾರಿ ಭಾವನವರ ಬಿಳಿ ಅಂಗಿಯ ಮೇಲೆ ಕೂರತೊಡಗಿತು. ಆಕೆ ನಿಲ್ಲಿಸಲಿಲ್ಲ. ಭಾವನವರೇ ಎರಡು ಹೆಜ್ಜೆ ಹಿಂದೆ ಸರಿದರು.